ಹೊಲದಲ್ಲಿ ಜೇಡ ಗುರುತಿಸೋದು ಹೇಗೆ?

ಹಂಪಸಾಗರದ ಹಿನ್ನೀರಿನ ಕಡೆ ಹೊಲಗಳಲ್ಲಿ ಜೇಡ ಹುಡುಕುವಾಗ ನಾವು ಬಣ್ಣ ನಂಬಲ್ಲ. ಒಂದೇ ಜಾತಿಯಲ್ಲೂ ಅದು ಬದಲಾಗುತ್ತೆ. ಮೊದಲು ಬಲೆ ನೋಡ್ತೀವಿ, ಆಮೇಲೆ ಕಣ್ಣು.

ದುಂಡು ಬಲೆಯಲ್ಲಿ ಅಂಕುಡೊಂಕು ಬಿಳಿ ಪಟ್ಟಿ ಇದ್ದು, ಜೇಡ ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಾಕಾರದ ಚಿಹ್ನೆಯಂತೆ ಕೂತಿದ್ದರೆ ಅದು ಸಿಗ್ನೇಚರ್ ಸ್ಪೈಡರ್. ಬಲೆಯಿಲ್ಲದೆ ಓಡಾಡುತ್ತಾ, ಮುಖದಲ್ಲಿ ಎರಡು ದೊಡ್ಡ ಕಣ್ಣಿದ್ದರೆ ಜಂಪಿಂಗ್ ಸ್ಪೈಡರ್. ರಾತ್ರಿ ಟಾರ್ಚನ್ನು ನಮ್ಮ ಕಣ್ಣಿನ ಪಕ್ಕ ಹಿಡಿದಾಗ ನೆಲದಲ್ಲಿ ಕಣ್ಣು ಹೊಳೆದರೆ ಬಹುಶಃ ತೋಳ ಜೇಡ: ಕೆಳಸಾಲಲ್ಲಿ ನಾಲ್ಕು ಚಿಕ್ಕ ಕಣ್ಣು, ಮೇಲೆ ಎರಡು ದೊಡ್ಡವು, ಹಿಂದೆ ಇನ್ನೆರಡು.

ಇಷ್ಟರಿಂದ ಗುಂಪು ಗೊತ್ತಾಗುತ್ತೆ. ಜಾತಿ ಖಚಿತವಾಗೋಕೆ ಹೆಚ್ಚಾಗಿ ಬೆಳೆದ ಜೇಡದ ಜನನಾಂಗವನ್ನು ಮೈಕ್ರೋಸ್ಕೋಪಿನಲ್ಲೇ ನೋಡಬೇಕು. ಹಾಗಾಗಿ ಬರೀ ಫೋಟೊ ನೋಡಿ ‘ವಿಷದ ಜೇಡ’ ಅಂತ ಹೊಸಕಿ ಹಾಕಬೇಡಿ. ಬೆಳೆ ತಿನ್ನೋ ಹುಳಗಳನ್ನು ಹಿಡಿದು ತಿನ್ನೋದು ಇವೇ.