ಮಂಜುಗಡ್ಡೆಯ ಮೇಲೆ ಬುಗರಿ

ಮದ್ದೂರಿನಿಂದ ಬೆಳಗಿನ ರೈಲಿನಲ್ಲಿಯೂ ಮಳವಳ್ಳಿಯಿಂದ ಬಸ್ಸಿನಲ್ಲಿಯೂ ಮಂಡ್ಯಕ್ಕೆ ಬರುವ ನಮ್ಮ ವಿದ್ಯಾರ್ಥಿಗಳು ಮಂಜುಗಡ್ಡೆಯನ್ನು ಕಂಡಿರುವುದು ಬಹುಮಟ್ಟಿಗೆ ಕಬ್ಬಿನ ಹಾಲಿನ ಅಂಗಡಿಗಳಲ್ಲಿ. ಅದರ ಮೇಲೆ ನರ್ತಿಸುವವರನ್ನು ಅವರು ಕಂಡಿರುವುದು ದೂರವಾಣಿಯ ಪುಟ್ಟ ತೆರೆಯಲ್ಲಿ. ಹೀಗೆ ಕಂಡ ಒಬ್ಬ ವಿದ್ಯಾರ್ಥಿನಿ ಒಂದು ದಿನ ತರಗತಿಯಲ್ಲಿ ನಮ್ಮನ್ನು ಕೇಳಿದಳು: “ಹದಿಮೂರನೆಯ ವಯಸ್ಸಿನಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ಸುತ್ತುವವರಲ್ಲಿ ಕೆಲವರು ಹದಿನೈದಕ್ಕೆ ಮೂರೇ ಸುತ್ತಿಗೆ ಇಳಿಯುತ್ತಾರಲ್ಲ, ಅಭ್ಯಾಸ ಬಿಟ್ಟುಬಿಡುತ್ತಾರೆಯೇ?” ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಅದಕ್ಕೆ ಉತ್ತರವನ್ನು ಅಭ್ಯಾಸದಲ್ಲಿ ಹುಡುಕುವುದಕ್ಕೆ ಮೊದಲು ಅಂಕಗಣಿತದಲ್ಲಿ ಹುಡುಕಬೇಕಾಗಿದೆ.

ಫಿಗರ್ ಸ್ಕೇಟಿಂಗ್ ಎಂಬ ಈ ಕಲೆಯಲ್ಲಿ ಕಿರಿಯರಿಗೆಂದೇ ಅಂತರರಾಷ್ಟ್ರೀಯ ಸ್ಪರ್ಧಾಮಾಲಿಕೆಯೊಂದುಂಟು. ಜೂನಿಯರ್ ಗ್ರಾಂಡ್ ಪ್ರೀ ಎಂಬ ಹೆಸರಿನ ಈ ಮಾಲಿಕೆ 1997ರಲ್ಲಿ ಆರಂಭವಾಯಿತು. ಆಗಸ್ಟ್ ತಿಂಗಳಿನಿಂದ ಮೊದಲಾಗಿ ವಾರಕ್ಕೊಂದರಂತೆ ಬೇರೆ ಬೇರೆ ದೇಶಗಳಲ್ಲಿ ಸ್ಪರ್ಧೆಗಳು ನಡೆಯುವುವು. ಒಬ್ಬರಿಗೆ ಹೆಚ್ಚೆಂದರೆ ಎರಡು ಅವಕಾಶ. ಗೆದ್ದವರಿಗೆ 15 ಅಂಕ, ಎರಡನೆಯವರಿಗೆ 13, ಮೂರನೆಯವರಿಗೆ 11, ಹೀಗೆ ಕೂಡಿಸಿ ಮೊದಲ ಆರು ಮಂದಿಯನ್ನು ಡಿಸೆಂಬರಿನ ಅಂತಿಮ ಸ್ಪರ್ಧೆಗೆ ಕರೆಯುವರು. ಆಮೇಲೆ ಚಳಿಗಾಲದ ಕೊನೆಯಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್. 2018ರಲ್ಲಿ ಸೋಫಿಯಾ ನಗರದಲ್ಲಿ ನಡೆದ ಇಂಥ ಚಾಂಪಿಯನ್‌ಷಿಪ್ಪಿನಲ್ಲಿಯೇ ರಷ್ಯದ ಅಲೆಕ್ಸಾಂಡ್ರಾ ತ್ರೂಸೊವಾ, ಹದಿಮೂರು ವರ್ಷದ ಬಾಲೆ, ಒಂದೇ ಪ್ರದರ್ಶನದಲ್ಲಿ ಎರಡು ಬಗೆಯ ನಾಲ್ಕು ಸುತ್ತಿನ ನೆಗೆತಗಳನ್ನು ಸಾಧಿಸಿದಳು. ಹುಡುಗರಲ್ಲಿ ಅಮೆರಿಕದ ಇಲ್ಯಾ ಮಾಲಿನಿನ್ 2022ರಲ್ಲಿ ಕಿರಿಯರ ವಿಶ್ವವಿಜೇತನಾದನು. ಅದೇ ಸೆಪ್ಟೆಂಬರಿನಲ್ಲಿ ಲೇಕ್ ಪ್ಲಾಸಿಡ್ ಊರಿನಲ್ಲಿ ಯಾರೂ ಅದುವರೆಗೆ ಸ್ಪರ್ಧೆಯಲ್ಲಿ ಮಾಡಿರದ ನಾಲ್ಕೂವರೆ ಸುತ್ತಿನ ‘ಆಕ್ಸೆಲ್’ ನೆಗೆತವನ್ನು ನೆಗೆದನು. ಆ ಅರ್ಧ ಸುತ್ತು ಏಕೆಂದರೆ, ಮಿಕ್ಕ ನೆಗೆತಗಳಲ್ಲಿ ಹಿಮ್ಮುಖವಾಗಿ ಜಾರುತ್ತ ನೆಗೆದರೆ ಆಕ್ಸೆಲ್‌ನಲ್ಲಿ ಮಾತ್ರ ಮುಮ್ಮುಖವಾಗಿ ನೆಗೆಯಬೇಕು. ಇಳಿಯುವುದು ಮಾತ್ರ ಎಲ್ಲದರಲ್ಲಿಯೂ ಹಿಮ್ಮುಖವಾಗಿಯೇ.

ನಮ್ಮ ನಾಡಿನಲ್ಲಿ ಈ ಕ್ರೀಡೆಗೆ ನೆಲೆ ಕಡಿಮೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗಾಗಿ ಡೆಹರಾಡೂನಿನಲ್ಲಿ ದೊಡ್ಡ ಹಿಮಾಂಗಣವನ್ನು ಕಟ್ಟಿದರು. ಅದು ಬಹುಕಾಲ ಮುಚ್ಚಿದ್ದು, 2025ರ ಆಗಸ್ಟ್‌ನಲ್ಲಿ ಅಲ್ಲಿ ಏಷ್ಯಾ ಮುಕ್ತ ಶಾರ್ಟ್ ಟ್ರ್ಯಾಕ್ ಓಟದ ಸ್ಪರ್ಧೆ ನಡೆಯಿತು. ಆದರೆ ಗಾಲಿಗಳ ಮೇಲೆ ಇದೇ ಕಲೆಯನ್ನು ಸಾಧಿಸಿದವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಹೈದರಾಬಾದಿನ ಅನೂಪ್ ಕುಮಾರ್ ಯಾಮ 2010ರ ಗ್ವಾಂಗ್‌ಜೌ ಏಷ್ಯನ್ ಕ್ರೀಡೆಗಳಲ್ಲಿ ಕಂಚಿನ ಪದಕ ಪಡೆದರು. ಗಾಲಿಯಾಗಲಿ ಅಲಗಾಗಲಿ, ಕಾಲು ನೆಲ ಬಿಟ್ಟ ಮೇಲೆ ನಿಯಮ ಒಂದೇ.

ಮಂಜುಗಡ್ಡೆ ಏಕೆ ಜಾರುವುದೆಂಬ ವಿಷಯದಲ್ಲಿ ಒಂದು ಮಾತು ಹೇಳಿ ಮುಂದೆ ಸಾಗುವೆವು. ಅಲಗಿನ ಒತ್ತಡದಿಂದ ಗಡ್ಡೆ ಕರಗಿ ನೀರಾಗುವುದರಿಂದ ಜಾರುವುದೆಂದು ಎಷ್ಟೋ ಪುಸ್ತಕಗಳು ಹೇಳುವುವು. ನಾವೂ ಹಾಗೆಯೇ ಕಲಿತೆವು. ಲೆಕ್ಕ ಮಾಡಿ ನೋಡೋಣ. 50 ಕಿಲೋಗ್ರಾಂ ತೂಕ 4 ಮಿಲಿಮೀಟರ್ ಅಗಲದ ಅಲಗಿನ 2 ಸೆಂಟಿಮೀಟರ್ ಉದ್ದದ ಮೇಲೆ ಮಾತ್ರ ನಿಂತಿತೆಂದರೂ ಒತ್ತಡ ಸುಮಾರು 60 ವಾಯುಮಂಡಲಗಳಷ್ಟು. ಒಂದು ವಾಯುಮಂಡಲದ ಒತ್ತಡಕ್ಕೆ ಮಂಜುಗಡ್ಡೆಯ ಕರಗುವ ಬಿಂದು 0.0074 ಡಿಗ್ರಿಯಷ್ಟೇ ಇಳಿಯುವುದರಿಂದ ಒಟ್ಟು ಇಳಿತ ಅರ್ಧ ಡಿಗ್ರಿಗೂ ಕಡಿಮೆ. ಅಂಗಣದ ಗಡ್ಡೆಯಾದರೋ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿರುವುದು. ಒತ್ತಡ ಇಮ್ಮಡಿಯೆಂದರೂ ಸಾಲದು. ಗಡ್ಡೆಯ ಮೇಲ್ಪದರದ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಕಟ್ಟುಬಿದ್ದಿರುವುದಿಲ್ಲ. ಇಂಥದೊಂದು ದ್ರವಪ್ರಾಯವಾದ ಪದರವಿರಬೇಕೆಂದು ಫ್ಯಾರಡೆ 1850ರಲ್ಲಿಯೇ ಸೂಚಿಸಿದ್ದನು. ಅದರ ಜೊತೆಗೆ ಘರ್ಷಣೆಯ ಶಾಖವೂ ಸೇರುವುದು.

ಇನ್ನು ನೆಗೆತಕ್ಕೆ ಬರೋಣ. ನೆಗೆದವನು ಅರ್ಧ ಮೀಟರ್ ಏರಿದನೆಂದಿಟ್ಟುಕೊಳ್ಳಿ. ಏರಲು 0.32 ಸೆಕೆಂಡ್, ಇಳಿಯಲು ಅಷ್ಟೇ, ಒಟ್ಟು 0.64 ಸೆಕೆಂಡ್. ಕಣ್ಣು ಎರಡು ಬಾರಿ ಮಿಟುಕಿಸುವಷ್ಟು ಕಾಲ. ಇದರಲ್ಲಿ ನಾಲ್ಕು ಸುತ್ತು ತಿರುಗಬೇಕಾದರೆ ಸೆಕೆಂಡಿಗೆ ಆರು ಸುತ್ತಿಗೂ ಮೀರಿದ ವೇಗ ಬೇಕು. (ಸ್ವಲ್ಪ ಭಾಗವನ್ನು ಗಡ್ಡೆಯ ಮೇಲೆಯೇ ತಿರುಗಿಬಿಡುವುದರಿಂದ ವಾಸ್ತವದಲ್ಲಿ ಕೊಂಚ ಕಡಿಮೆ ಸಾಕು.) ಗಾಳಿಯಲ್ಲಿರುವವನಿಗೆ ಊರಿ ತಳ್ಳಲು ಯಾವ ಆಸರೆಯೂ ಇಲ್ಲ. ನೆಲ ಬಿಡುವಾಗ ಪಡೆದ ಕೋನೀಯ ಸಂವೇಗವೇ ಅವನ ಬಂಡವಾಳ. ಅದನ್ನು ಹೆಚ್ಚಿಸಲು ಅವನಿಂದಾಗದು. ಅವನಿಂದ ಸಾಧ್ಯವಾದದ್ದು ಒಂದೇ: ಕೈಗಳನ್ನು ಎದೆಗೆ ಸೆಳೆದುಕೊಂಡು, ಕಾಲುಗಳನ್ನು ಹೆಣೆದು, ತನ್ನ ಜಡತ್ವ ಭ್ರಾಮಕವನ್ನು ತಗ್ಗಿಸುವುದು.

ಇದನ್ನು ತೋರಿಸಲು ನಾವು ಪ್ರಯೋಗಶಾಲೆಯ ತಿರುಗುಪೀಠದ ಮೇಲೆ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ, ಎರಡು ಕೈಗೂ ಒಂದೊಂದು ಇಟ್ಟಿಗೆ ಕೊಟ್ಟು ತಿರುಗಿಸಿದೆವು. ಮೊದಲನೆಯ ಸಲ ಪೀಠದ ತುಕ್ಕು ಹಿಡಿದ ಗುಂಡುಗಳು ನಮ್ಮ ಮಾನ ಕಳೆದುವು. ಎಣ್ಣೆ ಬಿಟ್ಟ ಮೇಲೆ ಕೆಲಸ ಸಾಗಿತು. ಅಕ್ಷದಿಂದ 75 ಸೆಂಟಿಮೀಟರ್ ದೂರದಲ್ಲಿದ್ದ ಇಟ್ಟಿಗೆಗಳನ್ನು 15 ಸೆಂಟಿಮೀಟರಿಗೆ ಸೆಳೆದುಕೊಂಡರೆ ದೂರ ಐದರಲ್ಲಿ ಒಂದು ಪಾಲಾಗುವುದು. ಆದರೆ ದೂರದ ವರ್ಗ ಲೆಕ್ಕಕ್ಕೆ ಬರುವುದರಿಂದ ಇಟ್ಟಿಗೆಗಳ ಜಡತ್ವ ಭ್ರಾಮಕ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುವುದು. ಹುಡುಗ ಬುಗರಿಯಂತೆ ತಿರುಗಿದನು. ಇಲ್ಲಿ ಬಹುಮಂದಿ ತಪ್ಪುವ ಒಂದು ಸೂಕ್ಷ್ಮವುಂಟು. ಕೋನೀಯ ಸಂವೇಗ ಹೆಚ್ಚಲಿಲ್ಲ, ನಿಜ. ಆದರೆ ಚಲನಶಕ್ತಿ ಹೆಚ್ಚಿತು. ಅದು ಬಂದುದೆಲ್ಲಿಂದ? ಹೊರಕ್ಕೆ ಎಳೆಯುವ ಇಟ್ಟಿಗೆಗಳನ್ನು ಒಳಕ್ಕೆ ಸೆಳೆಯಲು ಹುಡುಗನ ತೋಳುಗಳು ಕೆಲಸ ಮಾಡಿದುವು, ಅದರಿಂದ. ಪೀಠದಿಂದಿಳಿದವನು ತೋಳು ತಿಕ್ಕಿಕೊಂಡದ್ದೇ ಇದಕ್ಕೆ ಸಾಕ್ಷಿ.

ಈಗ ಪ್ರಶ್ನೆಯ ತಿರುಳು. 140 ಸೆಂಟಿಮೀಟರ್ ಎತ್ತರದ ಬಾಲಿಕೆಯೊಬ್ಬಳು ಎಲ್ಲ ದಿಕ್ಕಿನಲ್ಲಿಯೂ ಹತ್ತನೆಯ ಒಂದು ಪಾಲು ಬೆಳೆದು 154 ಸೆಂಟಿಮೀಟರ್ ಆದಳೆನ್ನಿ. ಹುಡುಗಿಯರು ಭರದಿಂದ ಬೆಳೆಯುವ ಕಾಲದಲ್ಲಿ ವರ್ಷಕ್ಕೆ 7-8 ಸೆಂಟಿಮೀಟರ್ ಏರುವುದು ಸಹಜವಾದ್ದರಿಂದ ಇದು ಎರಡು ವರ್ಷದ ಮಾತು. ಅವಳ ದ್ರವ್ಯರಾಶಿ 1.1ರ ಘನ, ಎಂದರೆ 1.33 ಪಟ್ಟು, ಅಕ್ಷದಿಂದ ದೂರದ ವರ್ಗ 1.21 ಪಟ್ಟು, ಆದ್ದರಿಂದ ಜಡತ್ವ ಭ್ರಾಮಕ 1.61 ಪಟ್ಟು. ಎತ್ತರ ನೂರಕ್ಕೆ ಹತ್ತು ಹೆಚ್ಚಿದರೆ ತಿರುಗಲು ಒಡ್ಡುವ ಪ್ರತಿರೋಧ ನೂರಕ್ಕೆ ಅರುವತ್ತೊಂದು ಹೆಚ್ಚಿತು!

ಸ್ನಾಯುಗಳೂ ಬೆಳೆಯುವುವಲ್ಲವೆ ಎನ್ನಬಹುದು. ಬೆಳೆಯುವುವು. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸುವುದರಿಂದ ಬಲ 1.21 ಪಟ್ಟಾಗುವುದು. ಬಲ ಕೆಲಸ ಮಾಡುವ ದೂರ 1.1 ಪಟ್ಟು, ಆದ್ದರಿಂದ ಕೆಲಸ 1.33 ಪಟ್ಟು. ದ್ರವ್ಯರಾಶಿಯೂ ಅಷ್ಟೇ ಹೆಚ್ಚಿರುವುದರಿಂದ ನೆಗೆತದ ಎತ್ತರ ಬದಲಾಗದು. ಗಾಳಿಯಲ್ಲಿರುವ ಕಾಲವೂ ಬದಲಾಗದು. ತಿರುಚುವ ಬಲಭ್ರಾಮಕ 1.33 ಪಟ್ಟು, ಅದು ವರ್ತಿಸುವ ಕಾಲ 1.1 ಪಟ್ಟು, ಕೋನೀಯ ಸಂವೇಗ 1.46 ಪಟ್ಟು. ಇದನ್ನು 1.61ರಿಂದ ಭಾಗಿಸಿದರೆ ತಿರುಗುವ ವೇಗ ಹಿಂದಿನದರ 0.91 ಪಾಲು. ನಾಲ್ಕು ಸುತ್ತು ಇದ್ದದ್ದು 3.64 ಆಯಿತು. ಕಾಲು ಸುತ್ತಿಗಿಂತ ಹೆಚ್ಚು ಕೊರತೆ ಬಿದ್ದರೆ ತೀರ್ಪುಗಾರರು ನೆಗೆತ ಪೂರ್ಣವಾಗಲಿಲ್ಲವೆಂದು ಅಂಕ ಕಡಿಯುವರು. ಇಲ್ಲಿ ಕೊರತೆ 0.36. ಸ್ನಾಯುಗಳ ಬೆಳವಣಿಗೆ ಎಲುಬಿನ ಬೆಳವಣಿಗೆಗಿಂತ ಹಿಂದೆ ಬಿದ್ದು ಬಲವೇನೂ ಹೆಚ್ಚಲಿಲ್ಲವೆಂದರೆ ಎತ್ತರವೂ ತಗ್ಗುವುದು, ವೇಗವೂ ತಗ್ಗುವುದು. ಆಗ ಒಟ್ಟು ಸುತ್ತುಗಳು 1.1ರ ಘನದಿಂದ ಭಾಗಿಸಿದಷ್ಟಾಗುವುದನ್ನು ವಿದ್ಯಾರ್ಥಿಗಳು ತಾವೇ ಸಾಧಿಸಿ ನೋಡಬಹುದು. ನಾಲ್ಕನ್ನು 1.33ರಿಂದ ಭಾಗಿಸಿದರೆ ಬರುವುದು ಮೂರು! ನಮ್ಮ ವಿದ್ಯಾರ್ಥಿನಿ ಕೇಳಿದುದೂ ಇದನ್ನೇ.

ವಾಸ್ತವ ದೇಹ ಹೀಗೆ ಅಚ್ಚಿನಂತೆ ಬೆಳೆಯದು. ಹೆಗಲು ಸೊಂಟಗಳು ಬೇರೆ ಪ್ರಮಾಣದಲ್ಲಿ ಅಗಲವಾಗುವುವು, ಅಭ್ಯಾಸದಿಂದ ಬಲವೂ ಹೆಚ್ಚುವುದು. ಆದರೆ ಲೆಕ್ಕದ ದಿಕ್ಕು ಇದೇ. ಈ ಲೆಕ್ಕವನ್ನು ಅರಿಯದೆ ಮಗುವನ್ನು ಸೋಮಾರಿಯೆಂದು ಗದರಿಸುವುದು ಅನ್ಯಾಯ. ಅರೆಬರೆ ಅರಿತು, ದೇಹ ಬೆಳೆಯಬಾರದೆಂದು ಊಟ ಕಡಿಮೆ ಮಾಡಿಸುವುದು ಅದಕ್ಕಿಂತ ದೊಡ್ಡ ಅಪಾಯ. ಎಲುಬು ಗಟ್ಟಿಯಾಗುವ ವಯಸ್ಸು ಅದೇ.

ಎಲುಬಿನ ಮೇಲೆ ಬೀಳುವ ಹೊರೆಯನ್ನೂ ಅಳೆಯಬಹುದು. ಅರ್ಧ ಮೀಟರಿನಿಂದ ಇಳಿದವನ ವೇಗ ಸೆಕೆಂಡಿಗೆ 3.1 ಮೀಟರ್. ಅದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತರೆ ಒಂದೇ ಕಾಲಿನ ಮೇಲೆ ಸರಾಸರಿ ದೇಹತೂಕದ ನಾಲ್ಕು ಪಟ್ಟಿಗೂ ಮಿಕ್ಕ ಬಲ ಬೀಳುವುದು. 50 ಕಿಲೋಗ್ರಾಮಿನವನಿಗೆ ಸುಮಾರು 210 ಕಿಲೋಗ್ರಾಮಿನ ಹೊರೆ. ಬರಿಗಾಲಿನಲ್ಲಿ ನೆಗೆಯುವವನು ಹರಡನ್ನು ಬಾಗಿಸಿ ಆ ಕಾಲವನ್ನು ಹಿಗ್ಗಿಸಬಲ್ಲನು. ಸ್ಕೇಟಿಂಗಿನ ಬೂಟು ಹರಡನ್ನು ಬಿಗಿಹಿಡಿದಿರುವುದು. ಕಾಲ ಅರ್ಧವಾದರೆ ಬಲ ಏಳು ಪಟ್ಟನ್ನು ದಾಟುವುದು. ಅಭ್ಯಾಸದಲ್ಲಿ ಇಂಥ ಇಳಿತಗಳು ದಿನಕ್ಕೆ ಹಲವು ಹತ್ತು.

2022ರ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ಸ್ಪರ್ಧೆಗೆ ಬೇಕಾದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು ನಿರ್ಧರಿಸಿತು. 2023-24ರ ಋತುವಿನಲ್ಲಿ 16, ಮುಂದಿನ ಋತುವಿನಿಂದ 17. ಕಿರಿಯರ ಶರೀರ ಮತ್ತು ಮನಸ್ಸುಗಳ ರಕ್ಷಣೆಯೇ ಅದಕ್ಕೆ ಕೊಟ್ಟ ಕಾರಣ. ಹೀಗಾಗಿ ಕಿರಿಯರ ಮಾಲಿಕೆಯಲ್ಲಿ ಈಗ ಮಕ್ಕಳು ಹೆಚ್ಚು ಕಾಲ ಉಳಿಯುವರು. ಜಪಾನಿನ ಮಾವೊ ಶಿಮಾದಾ 2023, 2024, 2025 ಹೀಗೆ ಸತತ ಮೂರು ವರ್ಷ ಕಿರಿಯರ ವಿಶ್ವವಿಜೇತಳಾದಳು. ಹಳೆಯ ನಿಯಮವಿದ್ದಿದ್ದರೆ ಅವಳು ಆ ವೇಳೆಗೆ ಹಿರಿಯರ ಪಂಕ್ತಿಗೆ ಹೋಗಬಹುದಾಗಿತ್ತು. ಈ ಹೆಸರನ್ನು ಹೇಳಿದಾಗ ನಮ್ಮ ಮಳವಳ್ಳಿಯ ವಿದ್ಯಾರ್ಥಿನಿ ಲೆಕ್ಕದ ಪುಸ್ತಕ ತೆರೆದು, ಆ ಮೂರು ವರ್ಷಗಳಲ್ಲಿ ಆಕೆ ಎಷ್ಟು ಎತ್ತರ ಬೆಳೆದಿರಬಹುದೆಂದು ವಿಚಾರಿಸಿದಳು.