ಡಬ್ಬಿಯ ಮುಂಭಾಗವಲ್ಲ, ಹಿಂಭಾಗ ಓದಿ

ಪ್ರಶ್ನೆ: ನನಗೆ 29 ವರ್ಷ. ಖಾಸಗಿ ಬ್ಯಾಂಕಿನಲ್ಲಿ ಕೆಲಸ. ಮೊದಲಿನಿಂದಲೂ ನನ್ನದು ಸೂಕ್ಷ್ಮ ಚರ್ಮ. ಏನು ಹಚ್ಚಿದರೂ ಕೆನ್ನೆ ಉರಿದು ಕೆಂಪಾಗುತ್ತದೆ. ಅದಕ್ಕೇ ‘ಹೈಪೋಅಲರ್ಜೆನಿಕ್’, ‘ಡರ್ಮಟಾಲಜಿಸ್ಟ್ ಟೆಸ್ಟೆಡ್’ ಎಂದಿರುವುದನ್ನೇ ಹುಡುಕಿ, ದುಬಾರಿಯಾದರೂ ತರುತ್ತೇನೆ. ಆದರೂ ಮೊನ್ನೆ ಹೊಸ ಮಾಯಿಶ್ಚರೈಸರ್ ಹಚ್ಚಿದ ಮೂರನೇ ದಿನ ಕಣ್ಣಿನ ರೆಪ್ಪೆ ಊದಿಕೊಂಡಿತು. ಹೀಗಾದಾಗಲೆಲ್ಲ ಮೆಡಿಕಲ್ ಶಾಪ್‌ನವರು ಕೊಟ್ಟ ಮುಲಾಮು ಹಚ್ಚುತ್ತೇನೆ. ಎರಡು ದಿನಕ್ಕೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಶುರು. ಅಮ್ಮ, ‘ಇದೆಲ್ಲ ಬಿಟ್ಟು ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚು’ ಅನ್ನುತ್ತಾರೆ. ನಾನು ಯಾವುದನ್ನು ನಂಬಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಮಾಯಿಶ್ಚರೈಸರ್ ಅಲ್ಲ, ಆ ಮುಲಾಮು. ದಯವಿಟ್ಟು ಟ್ಯೂಬನ್ನು ಕೈಗೆತ್ತಿಕೊಂಡು ನೋಡಿ. ಅದರ ಮೇಲೆ ಕೆಂಪು ಗೆರೆ, ‘ಆರ್‌ಎಕ್ಸ್’ ಗುರುತು, ‘ಶೆಡ್ಯೂಲ್ ಎಚ್’ ಎಂಬ ಎಚ್ಚರಿಕೆ ಇದೆಯೇ? ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಇವುಗಳಲ್ಲಿ ಒಂದು ಹೆಸರಿದ್ದರೂ ಅದು ಸ್ಟೀರಾಯ್ಡ್. ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಅದು ಒಳ್ಳೆಯ ಔಷಧಿಯೇ. ಮುಖಕ್ಕೆ ತಿಂಗಳುಗಟ್ಟಲೆ ಬಳಿದರೆ ಚರ್ಮ ತೆಳ್ಳಗಾಗುತ್ತದೆ, ನವಿರಾದ ರಕ್ತನಾಳಗಳು ಕೆಂಪಗೆ ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ. ಕೊನೆಗೆ ಹಚ್ಚುವುದನ್ನು ನಿಲ್ಲಿಸಿದ ತಕ್ಷಣ ಮುಖ ಉರಿಯತೊಡಗುತ್ತದೆ. ನಮ್ಮ ದೇಶದಲ್ಲಿ ಈ ತೊಂದರೆ ಎಷ್ಟು ಹಬ್ಬಿತೆಂದರೆ, ವೈದ್ಯರ ಚೀಟಿ ಇಲ್ಲದೆ ಇಂಥ ಮುಲಾಮುಗಳನ್ನು ಮಾರದಂತೆ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಬೇಕಾಯಿತು. ಹಚ್ಚಿದರೆ ಇಳಿಯುವುದು, ಬಿಟ್ಟರೆ ಮರುಕಳಿಸುವುದು ಎಂದು ನೀವು ಬರೆದಿರುವುದು ಈ ಚಿತ್ರಕ್ಕೆ ಹೊಂದುತ್ತದೆ. ಹೇಗೆ ಬಿಡಬೇಕು ಎಂಬುದನ್ನು ಚರ್ಮರೋಗ ತಜ್ಞರೇ ಹೇಳಲಿ. ಇದನ್ನು ಮುಂದಕ್ಕೆ ಹಾಕಬೇಡಿ.

ಇನ್ನು ನೀವು ನಂಬಿದ ದೊಡ್ಡ ಅಕ್ಷರಗಳ ವಿಚಾರ. ‘ಹೈಪೋಅಲರ್ಜೆನಿಕ್’ ಎಂದು ಬರೆಯಲು ಕಂಪನಿ ಪರೀಕ್ಷೆ ಮಾಡಿ ತೋರಿಸಬೇಕು ಎಂದು ಅಮೆರಿಕದ ಎಫ್‌ಡಿಎ 1975ರಲ್ಲಿ ನಿಯಮ ತಂದಿತ್ತು. ತಯಾರಕರು ನ್ಯಾಯಾಲಯಕ್ಕೆ ಹೋದರು, 1977ರಲ್ಲಿ ನಿಯಮ ಬಿದ್ದುಹೋಯಿತು. ಅಲ್ಲಿ ಇವತ್ತಿಗೂ ಆ ಪದವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ‘ಡರ್ಮಟಾಲಜಿಸ್ಟ್ ಟೆಸ್ಟೆಡ್’ ಎಂಬುದೂ ಹಾಗೆಯೇ: ಎಷ್ಟು ಜನರ ಮೇಲೆ ಪರೀಕ್ಷಿಸಿದರು, ಅವರದು ಸೂಕ್ಷ್ಮ ಚರ್ಮವೇ, ಫಲಿತಾಂಶ ಏನಾಯಿತು, ಒಂದನ್ನೂ ಅದು ಹೇಳುವುದಿಲ್ಲ. ನೀವು ಮೋಸಹೋದದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕಣ್ಣಿಗೆ ಬೀಳಲೆಂದೇ ಅದನ್ನು ಅಲ್ಲಿ ಬರೆದಿರುತ್ತಾರೆ.

ಕಾನೂನು ಕಡ್ಡಾಯವಾಗಿ ಬರೆಸುವುದು ಹಿಂದುಗಡೆಯ ಸಣ್ಣ ಅಕ್ಷರಗಳಲ್ಲಿದೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಕೆಯ ಕೊನೆ ದಿನಾಂಕದ ಜೊತೆಗೆ ‘ಇಂಗ್ರೀಡಿಯಂಟ್ಸ್’ ಎಂಬ ಪಟ್ಟಿ ಇರಬೇಕು. ಹೆಚ್ಚು ಪ್ರಮಾಣದಲ್ಲಿರುವುದು ಮೊದಲು, ಕಡಿಮೆಯದು ನಂತರ. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. 30 ಗ್ರಾಂಗಿಂತ ಸಣ್ಣ ಕ್ರೀಮು, 60 ಮಿ.ಲೀ.ಗಿಂತ ಸಣ್ಣ ಬಾಟಲಿಗೆ ಈ ಪಟ್ಟಿಯಿಂದ ವಿನಾಯಿತಿ ಇದೆ. ಅಲರ್ಜಿ ಇರುವವರು ಮೊದಲು ಸಣ್ಣ ಪ್ಯಾಕ್ ತಂದು ನೋಡುವುದೇ ರೂಢಿ. ಅಂಥದ್ದರಲ್ಲೇ ಪಟ್ಟಿ ಇಲ್ಲದಿರಬಹುದು ಎಂಬುದು ನನಗೆ ಸರಿ ಕಾಣುವುದಿಲ್ಲ.

ಪಟ್ಟಿಯ ಬಾಲವನ್ನು ನೀವು ವಿಶೇಷವಾಗಿ ಓದಬೇಕು. ಆಕ್ವಾ, ಗ್ಲಿಸರಿನ್ ಎಂದು ಶುರುವಾಗುವ ಸಾಲು ಮುಗಿಯುವಲ್ಲಿ ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರೆನ್ಸ್’ ಇರುತ್ತದೆ. ಆ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳಿರಬಹುದು. ಲಿನಲೂಲ್, ಲಿಮೊನೀನ್, ಜೆರಾನಿಯಾಲ್ ಎಂದಿದ್ದರೆ ಅವೂ ಸುವಾಸನೆಯವೇ. ಹಾಗೆಯೇ ಮೀಥೈಲ್‌ಐಸೋಥಯಜೋಲಿನೋನ್ ಎಂಬ ಉದ್ದ ಹೆಸರನ್ನು ಬರೆದಿಟ್ಟುಕೊಳ್ಳಿ. ಕ್ರೀಮು ಕೆಡದಂತೆ ಹಾಕುವ ವಸ್ತು ಅದು. ಅಲರ್ಜಿಗಳು ಹೆಚ್ಚಿದ್ದರಿಂದ, ತೊಳೆಯದೆ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ಯುರೋಪಿಯನ್ ಒಕ್ಕೂಟ 2017ರಿಂದ ನಿಷೇಧಿಸಿದೆ. ಇವೆಲ್ಲ ಅತ್ಯಲ್ಪ ಪ್ರಮಾಣದಲ್ಲಿರುತ್ತವೆ ನಿಜ, ಆದರೆ ಅಲರ್ಜಿ ಇರುವವರಿಗೆ ಅಷ್ಟೇ ಸಾಕು. ‘ಅನ್‌ಸೆಂಟೆಡ್’ ಎಂದಿದ್ದರೂ ಪಟ್ಟಿ ನೋಡಿ, ಮೂಲ ವಾಸನೆ ಮುಚ್ಚಲು ಬೇರೊಂದು ಸುವಾಸನೆ ಸೇರಿಸಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದು ಅದಕ್ಕಿಂತ ಮೇಲು.

ಹಚ್ಚಿದ ಕೂಡಲೇ ಉರಿದರೆ ಅದು ಸಾಮಾನ್ಯವಾಗಿ ಕೆರಳಿಕೆ. ಒಂದೆರಡು ದಿನ ಬಿಟ್ಟು ತುರಿಕೆ, ಊತ ಬಂದರೆ ಅಲರ್ಜಿಯ ಅನುಮಾನ ಹೆಚ್ಚು. ಹಾಗೆಂದು ನಿಮ್ಮ ರೆಪ್ಪೆ ಊದಿದ್ದಕ್ಕೆ ಹೊಸ ಮಾಯಿಶ್ಚರೈಸರೇ ಕಾರಣ ಎಂದು ತೀರ್ಮಾನಿಸಬೇಡಿ. ರೆಪ್ಪೆಯ ಚರ್ಮ ಬಹಳ ತೆಳು. ಉಗುರಿಗೆ ಹಚ್ಚಿದ ನೇಲ್ ಪಾಲಿಶ್, ತಲೆಗೆ ಹಾಕಿದ ಡೈ, ಶಾಂಪೂ ಇವುಗಳ ಅಲರ್ಜಿ ಕೂಡ ಮೊದಲು ರೆಪ್ಪೆಯಲ್ಲೇ ಕಾಣಿಸಿಕೊಳ್ಳಬಹುದು. ವರ್ಷಗಟ್ಟಲೆ ಒಗ್ಗಿದ್ದ ವಸ್ತುವೂ ಒಂದು ದಿನ ಒಗ್ಗದೆ ಹೋಗಬಹುದು. ಆ ವಾರ ಮೈಗೆ, ತಲೆಗೆ, ಉಗುರಿಗೆ ಏನೇನು ತಾಗಿತು ಎಂದು ನೆನಪಿಸಿಕೊಂಡು ಬರೆಯಿರಿ.

ಅಮ್ಮನ ಕಾಳಜಿ ದೊಡ್ಡದು, ಆದರೆ ನಿಂಬೆರಸ ಮಾತ್ರ ಬೇಡ. ಅದು ಕಡು ಹುಳಿ, ಕೆರಳಿದ ಚರ್ಮಕ್ಕೆ ಉರಿ ಹಚ್ಚುತ್ತದೆ. ನಿಂಬೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ಕಪ್ಪು ಕಲೆ ಉಳಿಯುವುದೂ ಉಂಟು. ‘ನ್ಯಾಚುರಲ್’, ‘ಹರ್ಬಲ್’ ಎಂದು ಬರೆದ ಡಬ್ಬಿಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ.

ಸದ್ಯಕ್ಕೆ ಹೊಸದೇನನ್ನೂ ಕೊಳ್ಳಬೇಡಿ. ಸುವಾಸನೆಯಿಲ್ಲದ ಸೌಮ್ಯ ಕ್ಲೆನ್ಸರ್, ಮೇಲೆ ಸಾದಾ ಪೆಟ್ರೋಲಿಯಂ ಜೆಲ್ಲಿ, ಅಷ್ಟು ಸಾಕು. ಮುಖ ತಣಿದ ಮೇಲೆ ಯಾವುದನ್ನಾದರೂ ಬಳಸಬೇಕೆನಿಸಿದರೆ ಮೊಣಕೈ ಒಳಭಾಗದ ಒಂದೇ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ 7ರಿಂದ 10 ದಿನ ಹಚ್ಚಿ ನೋಡಿ. ಒಂದು ರಾತ್ರಿ ಹಚ್ಚಿ ‘ಏನೂ ಆಗಲಿಲ್ಲ’ ಎಂದುಕೊಳ್ಳುವುದು ಸಾಲದು. ತುಟಿ, ನಾಲಿಗೆ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ತಜ್ಞರ ಬಳಿ ಪ್ಯಾಚ್ ಟೆಸ್ಟ್ ಬಗ್ಗೆ ನೀವೇ ಕೇಳಿ. ಬೆನ್ನಿನ ಮೇಲೆ ಬೇರೆ ಬೇರೆ ವಸ್ತುಗಳ ಸಣ್ಣ ಪಟ್ಟಿಗಳನ್ನು ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಕಳೆದು ಇನ್ನೊಮ್ಮೆ ನೋಡುತ್ತಾರೆ. ನಿಮಗೆ ಆಗದ ವಸ್ತುವಿನ ಹೆಸರು ಅಲ್ಲಿ ಸಿಗಬಹುದು. ಆ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ, ಹಿಂಬದಿಯ ಪಟ್ಟಿಯಲ್ಲಿ ಅದು ಇದ್ದರೆ ಎಷ್ಟೇ ದುಬಾರಿ ಕ್ರೀಮಾದರೂ ಅಲ್ಲೇ ಬಿಟ್ಟು ಬನ್ನಿ.