ಬಾಯಿ ಸೊಟ್ಟಗಾದರೆ ತಲೆಯೊಳಗೆ ಏನಾಗಿದೆ?



ಮನೆಯಲ್ಲಿ ಹಿರಿಯರಿಗೆ ಬೆಳಿಗ್ಗೆ ಎದ್ದಾಗ ಬಾಯಿ ಒಂದು ಕಡೆ ಸೊಟ್ಟಗಾಗಿ, ಕೈ ಮೇಲೇಳದೆ ಹೋದರೆ "ಗಾಳಿ ಸೋಕಿರಬೇಕು" ಅಂತ ನಾವು ಅರ್ಧ ದಿನ ಕಳೆದುಬಿಡುತ್ತೇವೆ. ಎಣ್ಣೆ ತಿಕ್ಕುವುದು, ಯಂತ್ರ ಕಟ್ಟಿಸುವುದು ನಡೆಯುತ್ತದೆ. ಪಾರಿವಾಳದ ರಕ್ತ ಸವರಿದರೆ ವಾಸಿ ಅನ್ನೋರೂ ಇದ್ದಾರೆ. ಅಷ್ಟರಲ್ಲಿ ತಲೆಯೊಳಗೆ ಏನು ನಡೀತಿದೆ ಎಂಬುದು ಗೊತ್ತಿದ್ದರೆ ನಾವು ಹಾಗೆ ಕೂರುವುದಿಲ್ಲ.

ಚನ್ನರಾಯಪಟ್ಟಣದ ಕಡೆಯವರಿಗೆ ತೆಂಗಿನಕಾಯಿ ಉದಾಹರಣೆ ಸುಲಭ. ಚಿಪ್ಪಿನ ಹಾಗೆ ತಲೆಬುರುಡೆ. ಅದರೊಳಗೆ ಮೂರು ಪದರದ ಪೊರೆ, ತಿಳಿನೀರಿನಂಥ ದ್ರವ, ಆ ದ್ರವದಲ್ಲಿ ತೇಲಿದಂತೆ ಮೆದುಳು. ದೊಡ್ಡವರ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲು ಅಷ್ಟೇ. ಆದರೆ ಮೈಗೆ ಬೇಕಾದ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇದೊಂದಕ್ಕೇ ಹೋಗುತ್ತದೆ. ಆದ್ದರಿಂದಲೇ ರಕ್ತ ಕೆಲವು ನಿಮಿಷ ನಿಂತರೂ ಆ ಭಾಗದ ಜೀವಕೋಶಗಳು ಸಾಯತೊಡಗುತ್ತವೆ. (ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿಜವಾದ ಮೆದುಳುಗಳನ್ನಿಟ್ಟ ವಸ್ತುಸಂಗ್ರಹಾಲಯವಿದೆ. ಪ್ರವಾಸ ಹೋಗುವ ಸಂಘಗಳು ಮೊದಲೇ ವಿಚಾರಿಸಿಕೊಂಡು ನೋಡಿ ಬರಬಹುದು.)

ಮೇಲಿನ ದೊಡ್ಡ ಭಾಗ ಮಹಾಮಸ್ತಿಷ್ಕ. ಯೋಚನೆ, ನೆನಪು, ಮಾತು, ಕೈಕಾಲು ಆಡಿಸುವ ಆಜ್ಞೆ ಎಲ್ಲ ಇಲ್ಲಿಂದ. ಹಿಂದಲೆಯ ಕೆಳಗಿನ ಅನುಮಸ್ತಿಷ್ಕ ಮೈಯ ಸಮತೋಲ ನೋಡಿಕೊಳ್ಳುತ್ತದೆ; ತಲೆಮೇಲೆ ಕೊಡ ಹೊತ್ತು ನಡೆಯುವುದು ಅದರ ದಯೆ. ಕೆಳಗಿನ ಕಾಂಡದಂಥ ಭಾಗ ಉಸಿರು, ಎದೆಬಡಿತಗಳನ್ನು ನಾವು ಮಲಗಿದ್ದಾಗಲೂ ನಡೆಸುತ್ತದೆ.

ಒಂದು ವಿಚಿತ್ರ ನೋಡಿ. ಎಡ ಮೆದುಳು ಬಲ ಕೈಕಾಲನ್ನು ಆಳುತ್ತದೆ, ಬಲ ಮೆದುಳು ಎಡದ್ದನ್ನು. ಹೆಚ್ಚಿನವರಲ್ಲಿ ಮಾತಿನ ಜಾಗವೂ ಎಡಕ್ಕೇ ಇದೆ. ಬಲಗೈ ಬಿದ್ದವರಿಗೆ ಎಷ್ಟೋ ಸಲ ಮಾತೂ ನಿಲ್ಲುವುದು ಇದಕ್ಕೇ. ಅವರು ಹಟ ಮಾಡುತ್ತಿಲ್ಲ, ಬುದ್ಧಿ ಕೆಟ್ಟೂ ಇಲ್ಲ. ಮಾತಿನ ಜಾಗಕ್ಕೆ ರಕ್ತ ಸಿಕ್ಕಿಲ್ಲ.

ಮೆದುಳಿನಿಂದ ನೇರವಾಗಿ 12 ಜೊತೆ ನರಗಳು ಹೊರಡುತ್ತವೆ. ಇವೇ ಕಪಾಲ ನರಗಳು. ಒಂದನೆಯದು ಒಗ್ಗರಣೆಯ ವಾಸನೆ ತಿಳಿಸುತ್ತದೆ, ಎರಡನೆಯದು ನೋಟ. ಮೂರು, ನಾಲ್ಕು, ಆರು ಕಣ್ಣು ಹೊರಳಿಸಲಿಕ್ಕೆ. ಐದನೆಯದರಿಂದ ಮುಖದ ಸ್ಪರ್ಶ ತಿಳಿಯುತ್ತದೆ, ಅಗಿಯುತ್ತೇವೆ. ಏಳನೆಯದು ನಗಿಸುತ್ತದೆ, ಕಣ್ಣು ಮುಚ್ಚಿಸುತ್ತದೆ. ಎಂಟು ಕಿವಿಗೆ. ಒಂಬತ್ತು, ಹತ್ತು ನುಂಗಲಿಕ್ಕೆ. ಹತ್ತನೆಯದು ಎದೆ, ಹೊಟ್ಟೆವರೆಗೂ ಇಳಿಯುತ್ತದೆ. ಹನ್ನೊಂದು ಕತ್ತು-ಹೆಗಲಿಗೆ, ಹನ್ನೆರಡು ನಾಲಿಗೆಗೆ.

ಇವುಗಳಲ್ಲಿ ಏಳನೆಯ ನರ ಕಿವಿಯ ಹಿಂದೆ ಇಕ್ಕಟ್ಟಾದ ಮೂಳೆಸಂದಿಯಲ್ಲಿ ಹಾದು ಬರುತ್ತದೆ. ಅಲ್ಲೇ ಅದು ಊದಿಕೊಂಡರೆ ಮುಖದ ಅರ್ಧ ಪೂರ್ತಿ ಸೋಲುತ್ತದೆ; ಹಣೆ ಸುಕ್ಕಾಗದು, ಕಣ್ಣು ಮುಚ್ಚದು. ಕೈಕಾಲು ಮಾತ್ರ ಸರಿಯಾಗಿರುತ್ತದೆ. ಇದಕ್ಕೆ ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಹೆಚ್ಚಿನವರಿಗೆ ವಾಸಿಯಾಗುತ್ತದೆ. ಆದರೂ ಮೂರು ದಿನದೊಳಗೆ ಔಷಧಿ ಶುರುವಾಗಬೇಕು, ಮುಚ್ಚದ ಕಣ್ಣು ಒಣಗದಂತೆ ಕಾಪಾಡಬೇಕು. ಲಕ್ವ, ಅಂದರೆ ಪಾರ್ಶ್ವವಾಯುವಿನಲ್ಲಿ, ತೊಂದರೆ ಇರುವುದು ಸಾಮಾನ್ಯವಾಗಿ ಮೆದುಳಿನಲ್ಲೇ. ಹಣೆಗೆ ಎರಡೂ ಕಡೆಯ ಮೆದುಳಿನಿಂದ ಆಜ್ಞೆ ಬರುವುದರಿಂದ ಹುಬ್ಬು ಏರುತ್ತದೆ, ಬಾಯಿ ಮಾತ್ರ ಜೋಲುತ್ತದೆ. ಡಾಕ್ಟರು "ಹುಬ್ಬು ಮೇಲೆತ್ತಿ" ಅನ್ನುವುದು ಈ ಭೇದ ತಿಳಿಯಲಿಕ್ಕೆ. ಮನೆಯಲ್ಲಿ ನಾವೇ ತೀರ್ಮಾನಿಸುವುದು ಬೇಡ. ಯಾವುದೇ ಸೊಟ್ಟಬಾಯಿಯಾದರೂ ಆಸ್ಪತ್ರೆಗೇ ಹೋಗಬೇಕು.

ನಾವು ನೋಡಬೇಕಾದ್ದು ಇಷ್ಟೇ: ನಗಿಸಿ ನೋಡಿ, ಎರಡೂ ಕೈ ಎತ್ತಿಸಿ ನೋಡಿ, ಒಂದು ಮಾತು ಆಡಿಸಿ ನೋಡಿ. ಒಂದರಲ್ಲಿ ಇದ್ದಕ್ಕಿದ್ದ ಹಾಗೆ ವ್ಯತ್ಯಾಸ ಕಂಡರೂ ಗಂಟೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವವಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನ ಸುಮಾರು 30-40 ಕಿ.ಮೀ. ಹಳ್ಳಿಯಿಂದ ಹೊರಡುವ ಹೊತ್ತನ್ನೂ ಲೆಕ್ಕ ಹಾಕಿದರೆ ಉಳಿಯುವುದು ಎಷ್ಟು ಗಂಟೆ ಅಂತ ನೀವೇ ನೋಡಿ.

ಕಾಫಿ, ನೀರು, ಕಷಾಯ ಏನೂ ಕುಡಿಸಬೇಡಿ. ನುಂಗುವ ನರ ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತ ತೆಳು ಮಾಡುವ ಮಾತ್ರೆಯನ್ನೂ ನಾವಾಗಿ ಕೊಡಬಾರದು. ಮೆದುಳಲ್ಲಿ ರಕ್ತನಾಳ ಒಡೆದಿದ್ದರೆ ಕೆಡುಕಾಗುತ್ತದೆ.

ಲಕ್ವಕ್ಕೆ ದೊಡ್ಡ ಕಾರಣ ಬಿ.ಪಿ. "ಈಗ ಚೆನ್ನಾಗಿದ್ದೀನಲ್ಲ" ಅಂತ ಮಾತ್ರೆ ಬಿಡುವುದೇ ನಮ್ಮಲ್ಲಿ ಹೆಚ್ಚು. ಹೊಗೆಸೊಪ್ಪು, ಕಡ್ಡಿಪುಡಿಯೂ ಅಪಾಯ ಹೆಚ್ಚಿಸುತ್ತವೆ. ಅರಕಲಗೂಡು ಕಡೆ ಹೊಗೆಸೊಪ್ಪೇ ಅನ್ನ ಕೊಡುವ ಬೆಳೆ, ನಮಗೆ ಗೊತ್ತು. ಬೆಳೆಯುವ ಮಾತು ಬೇರೆ, ಬಾಯಿಗೆ ಹಾಕಿಕೊಳ್ಳುವ ಮಾತು ಬೇರೆ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ: ರಾತ್ರಿ 108 ಬರುವುದು ತಡವಾದರೆ ಊರಲ್ಲಿ ಯಾರ ವಾಹನ? ಸಭೆ ಸೇರುವ ತನಕ ಕಾಯದೆ ತುರ್ತು ಸಾಲ ಕೊಡಲು ಯಾರಿಗೆ ಅಧಿಕಾರ, ಎಷ್ಟು ರೂಪಾಯಿವರೆಗೆ? ಸದಸ್ಯರ ಮನೆಗಳಲ್ಲಿ ಬಿ.ಪಿ. ಮಾತ್ರೆ ನಿಲ್ಲಿಸಿರುವವರು ಯಾರು?